ಒಂಬತ್ತನೇ ತರಗತಿಯ ಮೋಟು ಪೆನ್ಸಿಲ್‌ಗಳು

ಶನಿವಾರ, ಸಂಜೆ
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದಿನ ಗುಬ್ಬಿಗೆ,

ಒಂದೇ ಮನೆಯಲ್ಲಿದ್ದುಕೊಂಡು, ಮಹಡಿಯ ಮೇಲಿರುವ ತಂಗಿಗೆ ಕೆಳಗಿನಿಂದ ಪತ್ರ ಬರೆಯುವ ಅಕ್ಕ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಗಂಟಲಿನ ಆಪರೇಷನ್ ಆದಾಗಿನಿಂದ ಡಾಕ್ಟರ್ ನನ್ನ ಬಾಯಿಗೆ ಬೀಗ ಹಾಕಿದ್ದಾರೆ. ಹಲಗೆಯಲ್ಲಿ ಬರೆದು ತೋರಿಸಿದರೆ ನೀನು ಅರ್ಧ ಓದುತ್ತೀಯ, ಉಳಿದರ್ಧ ಊಹಿಸುತ್ತೀಯ, ನನ್ನ ಕೈಯಿಂದ ಕಿತ್ತುಕೊಂಡು ತೋಳಿನಿಂದ ಒರೆಸಿಯೂ ಬಿಡುತ್ತೀಯ. ಈ ಕಾಗದವನ್ನು ಒರೆಸಲಾಗುವುದಿಲ್ಲ. ಕೂತು ಪೂರ್ತಿ ಓದು.

ವಿಷಯ ನಿನಗೂ ಗೊತ್ತು, ನನಗೂ ಗೊತ್ತು. ನಿನ್ನೆ ಶಾಲೆಯ ದೊಡ್ಡ ಮೇಡಂ ನಿನ್ನನ್ನು ತಮ್ಮ ಕೋಣೆಗೆ ಕರೆದು, ಒಂಬತ್ತನೇ ತರಗತಿಯ ಗಣಿತ ಇನ್ನು ಮುಂದೆ ನೀವೇ ನೋಡಿಕೊಳ್ಳಿ, ಕಾಯಂ ಮಾಡುತ್ತೇನೆ ಎಂದರು. ನೀನು ಬೇಡ ಎಂದೆ. ಬರೀ ಬೇಡ ಎಂದಿದ್ದರೆ ಸುಮ್ಮನಿರುತ್ತಿದ್ದೆ. "ಅದು ನಮ್ಮಕ್ಕನ ಜಾಗ ಮೇಡಂ, ಅವಳು ಬರೋವರೆಗೆ ಸ್ವಲ್ಪ ನೋಡ್ಕೊಂಡೆ ಅಷ್ಟೇ" ಅಂದೆಯಂತೆ. ಸೋಮವಾರ ಬೆಳಿಗ್ಗೆ ಕೊನೆಯ ಮಾತು ಹೇಳಬೇಕಂತೆ. ಮೇಲಿನಿಂದ ಪೆಟ್ಟಿಗೆ ಎಳೆಯುವ ಸದ್ದು ಇಲ್ಲಿಗೆ ಚೆನ್ನಾಗಿ ಕೇಳಿಸುತ್ತಿದೆ. ಹೋಗಿದ್ದು ನನ್ನ ಗಂಟಲು, ಕಿವಿಯಲ್ಲ.

ನೀನು ಮತ್ತೆ ಆ ವಿಮಾ ಕಚೇರಿಗೆ ಹೋಗಿ, ಯಾರು ಯಾವ ವಯಸ್ಸಿಗೆ ಸಾಯುತ್ತಾರೆಂಬ ಲೆಕ್ಕ ಹಾಕುತ್ತಾ ಕೂರುವುದು ನನಗೆ ಬೇಕಿಲ್ಲ. ಅದನ್ನು ತಡೆಯುವುದಕ್ಕೇ ಈ ಪತ್ರ. ನನ್ನ ಗಂಟಲಿನ ಸುದ್ದಿ ಹಾಳೆಯ ಹಿಂಬದಿಯಲ್ಲಿದೆ. ಅದನ್ನು ಈಗಲೇ ತಿರುಗಿಸಿ ನೋಡಬೇಡ. ಮೊದಲು ಈ ಕಡೆಯದನ್ನು ಓದಿ, ಮನಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಾ. ಆಮೇಲೆ ತಿರುಗಿಸು. ಅಕ್ಕನ ಮಾತನ್ನು ಇದೊಂದು ಸಲವಾದರೂ ಕೇಳು.

ನಾನು ಕೆಟ್ಟ ಟೀಚರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಕ್ಕಳು ಪಾಸಾಗುತ್ತಾರೆ, ನನ್ನ ಕೈಬರಹ ಬೋರ್ಡಿನ ಮೇಲೆ ಕೊನೆಯ ಬೆಂಚಿಗೂ ಕಾಣುತ್ತದೆ, ನನ್ನ ಧ್ವನಿ ಆಟದ ಮೈದಾನಕ್ಕೂ ಮುಟ್ಟುತ್ತದೆ. ಮುಟ್ಟುತ್ತಿತ್ತು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮೈಕ್ ಮೇಡಂ ಅನ್ನುತ್ತಾರೆಂದು ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಸ್ಕ್ಯಾಟರ್ ಪ್ಲಾಟ್, ಅಂದರೆ ಚುಕ್ಕೆ ನಕ್ಷೆಯ ಪಾಠವನ್ನು ನಾನೂ ವರ್ಷವರ್ಷ ಮಾಡಿದ್ದೇನೆ. ಅಡ್ಡಗೆರೆ, ಉದ್ದಗೆರೆ, ಪುಸ್ತಕದಲ್ಲಿ ಕೊಟ್ಟ ಅಂಕಿಗಳು, ಚುಕ್ಕೆಗಳು. ಚುಕ್ಕೆಗಳು ಮೇಲಕ್ಕೆ ಹತ್ತಿದರೆ ಧನ ಸಹಸಂಬಂಧ, ಕೆಳಗಿಳಿದರೆ ಋಣ, ಚೆಲ್ಲಾಪಿಲ್ಲಿಯಾದರೆ ಏನೂ ಇಲ್ಲ. ಬರೆದುಕೊಳ್ಳಿ, ಮುಂದಿನ ಪಾಠ. ಅರ್ಧ ಗಂಟೆಯ ಕೆಲಸ.

ನಿನ್ನನ್ನು ನನ್ನ ಬದಲಿಗೆ ಕಳಿಸಿದಾಗ ಇದನ್ನೇ ಮಾಡು ಎಂದು ಹಲಗೆಯಲ್ಲಿ ಬರೆದುಕೊಟ್ಟಿದ್ದೆ. ನೀನು ತಲೆಯಾಡಿಸಿದೆ. ನೀನು ಅಷ್ಟು ವಿನಯವಾಗಿ ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಮನೆಯಲ್ಲಿ ಸುಮ್ಮನೆ ಕೂತು ಹುಚ್ಚು ಹಿಡಿಯುತ್ತಿದ್ದುದರಿಂದ, ದೊಡ್ಡ ಮೇಡಂ ಒಪ್ಪಿಗೆ ಪಡೆದು ನಾನು ನಿನ್ನ ಹಿಂದೆಯೇ ಬಂದು ಕೊನೆಯ ಬೆಂಚಿನಲ್ಲಿ ಕೂತೆ. ನಿನಗೆ ಧೈರ್ಯ ಕೊಡೋಕೆ ಎಂದು ಎಲ್ಲರಿಗೂ ತಿಳಿಸಿದ್ದೆ. ನಿಜ ಹೇಳಲಾ? ನೀನು ಎಲ್ಲಿ ಎಡವುತ್ತೀಯ ಎಂದು ಕಾಯುತ್ತಿದ್ದೆ. ನಿಮ್ಮ ಭಾವನಿಗೆ ಮಾತ್ರ ಅದು ಗೊತ್ತಿತ್ತು. ನನ್ನ ಬಾಯಿ ಕಟ್ಟಿದ ಮೊದಲ ದಿನ ಹಬ್ಬದ ಹಾಗೆ ಖುಷಿಪಟ್ಟ ಮನುಷ್ಯ, ಆ ದಿನ ಮಾತ್ರ, "ಪಾಪ, ಅವಳ ಪಾಡಿಗೆ ಅವಳನ್ನ ಬಿಡೇ" ಎಂದರು.

ಮೊದಲ ದಿನ ನೀನು ಪುಸ್ತಕವನ್ನೇ ತೆರೆಯಲಿಲ್ಲ. ನಿಮ್ಮ ಹಸಿರು ಪೆನ್ಸಿಲ್ ತೆಗೆಯಿರಿ ಎಂದೆ. ನಮ್ಮ ಶಾಲೆಯ ಪದ್ಧತಿ ಅದು, ಗಣಿತವೆಲ್ಲ ಪೆನ್ಸಿಲ್‌ನಲ್ಲೇ. ಟರ್ಮ್ ಶುರುವಾದ ದಿನ ಪ್ರತಿ ಮಗುವಿಗೂ ಒಂದೇ ಅಳತೆಯ ಹಸಿರು ಪೆನ್ಸಿಲ್ ಕೊಡುತ್ತೇವೆ, ಅದರ ಹಿಂಬದಿಯಲ್ಲಿ ಮಗುವಿನ ಹಾಜರಿ ಸಂಖ್ಯೆ ಕೊರೆದಿರುತ್ತದೆ. ನಾನು ಇಷ್ಟು ವರ್ಷ ಹಂಚಿದವಳು, ಆ ಪೆನ್ಸಿಲ್‌ಗಳು ಆಮೇಲೆ ಏನಾಗುತ್ತವೆ ಎಂದು ಒಂದು ದಿನವೂ ನೋಡಿದವಳಲ್ಲ. ನೀನು ಅಳೆಯಿರಿ ಎಂದೆ. ಮಕ್ಕಳು ಸ್ಕೇಲು ಹಿಡಿದು ತಮ್ಮ ತಮ್ಮ ಪೆನ್ಸಿಲ್ ಎಷ್ಟು ಉಳಿದಿದೆ ಎಂದು ಅಳೆದರು. ಹಿಂದಿನ ಗೋಡೆಗೆ ಕಂದು ಕಾಗದ ಅಂಟಿಸಿ, ಕೆಳಗಿನ ಗೆರೆಗೆ ಪೆನ್ಸಿಲ್‌ನ ಉದ್ದ, ಪಕ್ಕದ ಗೆರೆಗೆ ಹೋದ ಪರೀಕ್ಷೆಯ ಅಂಕ ಎಂದು ಗುರುತು ಹಾಕಿದೆ. ಒಬ್ಬೊಬ್ಬರೇ ಬಂದು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ತಮ್ಮ ಉದ್ದವೂ ಅಂಕವೂ ಸೇರುವ ಕಡೆ ಒತ್ತಬೇಕು.

ಒಂದೊಂದೇ ಹೆಬ್ಬೆರಳು ಬೀಳುತ್ತಾ ಹೋದಂತೆ ನಾನು ಬೆಂಚಿನಿಂದ ಎದ್ದು ನಿಂತಿದ್ದೆ, ಗುಬ್ಬಿ. ಅದು ನನಗೇ ಗೊತ್ತಾಗಿರಲಿಲ್ಲ. ಮೋಟು ಪೆನ್ಸಿಲ್‌ನವರು ಎಡಕ್ಕೆ ಮೇಲೆ, ಉದ್ದ ಪೆನ್ಸಿಲ್‌ನವರು ಬಲಕ್ಕೆ ಕೆಳಗೆ, ನಡುವಿನವರು ನಡುವೆ. ಯಾರೂ ಹೇಳಿಕೊಡದೆ ಚುಕ್ಕೆಗಳು ಮೆಟ್ಟಿಲಿಳಿದ ಹಾಗೆ ಇಳಿದವು. ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚು, ಇದಕ್ಕೆ ಋಣ ಸಹಸಂಬಂಧ ಅಂತಾರೆ ಎಂದು ನೀನು ಕೊನೆಗೆ ಹೇಳಿದಾಗ, ಅವರಿಗೆ ಬೇಕಾಗಿದ್ದುದು ಆ ಹೆಸರೊಂದೇ ಆಗಿತ್ತು. ವಸ್ತು ಆಗಲೇ ಕೈಗೆ ಬಂದಿತ್ತು. ನಾನು ಇಷ್ಟು ವರ್ಷ ಹೆಸರನ್ನು ಮೊದಲು ಕೊಡುತ್ತಿದ್ದೆ, ವಸ್ತುವನ್ನು ಕೊಡುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಒಂದು ಹೆಬ್ಬೆರಳು ಮಾತ್ರ ಎಡಕ್ಕೆ ಕೆಳಗೆ, ಒಂಟಿಯಾಗಿ ಬಿತ್ತು. ನನ್ನ ಬೆಂಚಿನಲ್ಲೇ ಕೂರುವ ಎರಡು ಜಡೆಯ ಹುಡುಗಿಯದು. ಪೆನ್ಸಿಲ್ ಕಿರುಬೆರಳಷ್ಟೂ ಇಲ್ಲ, ಅಂಕವೂ ಇಲ್ಲ. ತರಗತಿಯ ಲೀಡರ್ ಹುಡುಗಿ, ನಕ್ಷೆ ಚೆನ್ನಾಗಿ ಕಾಣೋಕೆ ಇದರ ಮೇಲೆ ಕಾಗದ ಅಂಟಿಸಿಬಿಡೋಣ ಟೀಚರ್, ಎಂದಳು. ನಾನಾಗಿದ್ದರೆ ಎರಡು ಜಡೆಯವಳನ್ನು ನಿಲ್ಲಿಸಿ ನಾಲ್ಕು ಮಾತು ಹೇಳುತ್ತಿದ್ದೆ. ನೀನು ಅವಳ ಹತ್ತಿರ ಬಂದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ನೀನೇನು ಪೆನ್ಸಿಲ್ ತಿಂತೀಯೇನೇ?" ಎಂದೆ. ಅವಳು ನಗುತ್ತಲೇ ಪುಸ್ತಕ ತೆಗೆದು ತೋರಿಸಿದಳು. ಅಂಚಿನಲ್ಲೆಲ್ಲ ಮೆಟ್ಟಿಲುಗಳ ಚಿತ್ರ. ಶಾಲೆಯ ಮೆಟ್ಟಿಲು, ಆಸ್ಪತ್ರೆಯ ಮೆಟ್ಟಿಲು, ಎಲ್ಲಿಗೂ ಹೋಗದ ಸುತ್ತು ಮೆಟ್ಟಿಲು. ನೀನು ಎದ್ದುಹೋಗಿ ಆ ಒಂಟಿ ಹೆಬ್ಬೆರಳಿನ ಪಕ್ಕದಲ್ಲಿ, ಇಲ್ಲಿ ಬೇರೆ ಕಾರಣವಿದೆ, ಎಂದು ಬರೆದು ಪಾಠ ಮುಂದುವರಿಸಿದೆ. ಭಾಷಣ ಬಿಗಿಯಲಿಲ್ಲ. ಅವಳ ಅಂಕ ಆಮೇಲೆ ಏನೂ ಏರಿಲ್ಲ, ನಿನ್ನನ್ನು ಹೊಗಳಲು ಸುಳ್ಳು ಹೇಳುವುದಿಲ್ಲ. ಆದರೆ ಈಗ ಗೋಡೆಯ ಪ್ರತಿ ನಕ್ಷೆಗೂ ಗೆರೆ ಎಳೆಯುವುದು, ಸಮಾನ ಅಂತರದಲ್ಲಿ ಗುರುತು ಹಾಕುವುದು ಅವಳೇ. ಸ್ಕೇಲು ತಪ್ಪಿದರೆ ಲೀಡರನ್ನೇ ಗದರುತ್ತಾಳೆ.

ಆಮೇಲೆ ಬಂತಲ್ಲ, ಆ ಪರೀಕ್ಷೆಯ ಬೆಳಿಗ್ಗೆ! ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ನಕ್ಕರೆ ಗಂಟಲು ನೋಯುತ್ತದೆ. ನಾನು ಬಾಗಿಲಲ್ಲಿ ಕಾಲಿಟ್ಟರೆ ಕಾಲಡಿಯಲ್ಲಿ ಚರಚರ ಸದ್ದು. ನೆಲದ ತುಂಬ ಹಸಿರು ಸಿಪ್ಪೆ. ಇಡೀ ತರಗತಿ ತಲೆ ತಗ್ಗಿಸಿ ಪೆನ್ಸಿಲ್ ಹೆರೆಯುತ್ತಿದೆ. ಶಾರ್ಪ್‌ನರ್ ಇದ್ದವರು ಶಾರ್ಪ್‌ನರ್‌ನಲ್ಲಿ, ಇಲ್ಲದವರು ಪಕ್ಕದವರದಕ್ಕೆ ಕೈಚಾಚಿ. ಮೋಟು ಪೆನ್ಸಿಲ್‌ನವರಿಗೆ ಹೆಚ್ಚು ಅಂಕ ಎಂದು ಗೋಡೆಯೇ ಹೇಳಿದೆಯಲ್ಲ, ಹಾಗಾದರೆ ಪೆನ್ಸಿಲ್ ಮೋಟು ಮಾಡಿದರಾಯಿತು! ನೀನು ಕೇಳಿದ್ದಕ್ಕೆ, "ನಕ್ಷೆ ನೋಡಿದ್ವಲ್ಲ ಟೀಚರ್, ರಾತ್ರಿಯೆಲ್ಲ ಓದೋ ಬದಲು ಇದೇ ವಾಸಿ" ಎಂದು ಮುಂದಿನ ಸಾಲಿನ ಒಬ್ಬ ಗಂಭೀರವಾಗಿ ಉತ್ತರ ಕೊಟ್ಟ.

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಂತಿಲ್ಲ. ಹಲಗೆಯಲ್ಲಿ ದೊಡ್ಡದಾಗಿ "ನಿಲ್ಲಿಸು" ಎಂದು ಬರೆದು ತಲೆಯ ಮೇಲೆ ಎತ್ತಿ ಹಿಡಿದೆ. ನೀನು ನೋಡಿದೆ. ನೋಡಿ, ನನಗೆ ಕಣ್ಣು ಹೊಡೆದೆ! ಅಷ್ಟು ಹೊತ್ತಿಗೆ ದೊಡ್ಡ ಮೇಡಂ ಕಾರಿಡಾರಿನಲ್ಲಿ ಬಂದರು, ಸಿಪ್ಪೆಯ ರಾಶಿ ಕಂಡರು. ಇದು ಗಣಿತದ ಕ್ಲಾಸಾ ಇಲ್ಲ ಬಡಗಿ ಅಂಗಡಿನಾ ಎಂದು ಎಲ್ಲರೆದುರೇ ಕೇಳಿದರು. ಈ ಟರ್ಮ್ ಮುಗಿಯುವವರೆಗಾದರೂ ನಿಮ್ಮನ್ನು ಇಟ್ಟುಕೊಳ್ಳಬೇಕೋ ಬೇಡವೋ ಯೋಚಿಸಬೇಕಾಗುತ್ತೆ ಎಂದೂ ಸೇರಿಸಿದರು. ನಿನ್ನ ಕಿವಿ ಕೆಂಪಗಾದದ್ದು ಕೊನೆಯ ಬೆಂಚಿಗೂ ಕಾಣಿಸಿತು. ಆದರೂ ನೀನು ಮಕ್ಕಳ ಮೇಲೆ ಹರಿಹಾಯಲಿಲ್ಲ. ಪರೀಕ್ಷೆ ಆದಮೇಲೆ ಇವರೇ ಉತ್ತರ ಹೇಳ್ತಾರೆ ಮೇಡಂ, ನೀವೂ ಬನ್ನಿ, ಎಂದೆ.

ನೀನು ಅವರಿಗೆ ಹೆರೆಯಲು ಇನ್ನೂ ಸ್ವಲ್ಪ ಸಮಯ ಕೊಟ್ಟು, ಮತ್ತೆ ಅಳೆಸಿ, ಅಳತೆಯನ್ನು ಉತ್ತರ ಪತ್ರಿಕೆಯ ಮೂಲೆಯಲ್ಲಿ ಬರೆಸಿ, ಪರೀಕ್ಷೆ ಕೊಟ್ಟೆ. ಕೆಲವರು ಬೆರಳಿಗೆ ಸಿಗದಷ್ಟು ಹೆರೆದಿದ್ದರು. ಪಾಪ, ಒಬ್ಬಳಿಗೆ ಪೆನ್ಸಿಲ್ ಹಿಡಿಯಲಾಗದೆ ಅರ್ಧ ಲೆಕ್ಕವೇ ಉಳಿಯಿತು. ಕೆಲವರಿಗೆ ಶಾರ್ಪ್‌ನರ್ ಸರದಿಯೇ ಬಂದಿರಲಿಲ್ಲ. ಕೆಲವರು ನಂಬದೆ ಹಾಗೇ ಬಿಟ್ಟಿದ್ದರು. ಅಂಕ ಬಂದ ದಿನ ಹೊಸ ಕಾಗದ, ಮತ್ತೆ ಶಾಯಿ, ಮತ್ತೆ ಹೆಬ್ಬೆರಳು. ದೊಡ್ಡ ಮೇಡಂ ಬೈಯಲೆಂದೇ ಬಂದವರು ಬಾಗಿಲಿಗೊರಗಿ ನಿಂತರು.

ಈ ಸಲ ಚುಕ್ಕೆಗಳು ಮೆಟ್ಟಿಲಿಳಿಯಲಿಲ್ಲ. ಬಸ್ಸು ತಪ್ಪಿದ ಜನರ ಹಾಗೆ ಎಲ್ಲೆಂದರಲ್ಲಿ ನಿಂತುಬಿಟ್ಟವು. ಮೋಟು ಪೆನ್ಸಿಲ್‌ನವರು ಮೇಲೂ ಇದ್ದರು, ಕೆಳಗೂ ಇದ್ದರು. ನೀನು ಎರಡು ಕಾಗದಗಳನ್ನೂ ಅಕ್ಕಪಕ್ಕ ಅಂಟಿಸಿ, ಕೈಕಟ್ಟಿ ಕಿಟಕಿಯ ಹತ್ತಿರ ನಿಂತುಬಿಟ್ಟೆ. ಒಂದೇ ಒಂದು ಮಾತು ಹೇಳಲಿಲ್ಲ. ಆ ಮೌನ ಇದೆಯಲ್ಲ, ಅಷ್ಟು ಹೊತ್ತು ಸುಮ್ಮನಿರುವುದು ನನ್ನಿಂದ ಆಪರೇಷನ್ ಇಲ್ಲದೆ ಸಾಧ್ಯವೇ ಇರಲಿಲ್ಲ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಮಕ್ಕಳ ನಾಲಿಗೆಗೆ ಬರುವವರೆಗೆ ನೀನು ಕಾದೆ.

ಕೊನೆಗೆ ಆ ಮುಂದಿನ ಸಾಲಿನವನೇ, ರಾತ್ರಿ ಓದುವ ಬದಲು ಹೆರೆದವನೇ, ತಡವರಿಸುತ್ತಾ ಎದ್ದ. "ಪೆನ್ಸಿಲ್ ಚಿಕ್ಕದಾಗಿದ್ದಕ್ಕೆ ಅವರಿಗೆ ಅಂಕ ಬಂದಿದ್ದಲ್ಲ ಟೀಚರ್. ಅವರು ಲೆಕ್ಕ ಜಾಸ್ತಿ ಮಾಡಿದ್ರು. ಅದಕ್ಕೆ ಪೆನ್ಸಿಲ್ಲೂ ಸವೀತು, ಅಂಕಾನೂ ಬಂತು. ನಾವು ಸುಮ್ನೆ ಪೆನ್ಸಿಲ್ ಸವೆಸಿದ್ವಿ." ಹಿಂದಿನಿಂದ ಎರಡು ಜಡೆಯವಳು, ನಾನೂ ಅಷ್ಟೇ, ನಂದು ಮೆಟ್ಟಿಲಲ್ಲಿ ಸವೆದಿದ್ದು, ಎಂದಳು. ತರಗತಿಗೆ ತರಗತಿಯೇ ನಕ್ಕಿತು, ಅವಳೂ ನಕ್ಕಳು. ಬೋರ್ಡಿನ ಮೇಲೆ ನೀನು ಬರೆದದ್ದು ಒಂದೇ ಸಾಲು. ಎರಡು ಸಂಗತಿ ಜೊತೆಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವ ಮೊದಲು ಮೂರನೆಯದನ್ನು ಹುಡುಕು. ನನ್ನ ಪುಸ್ತಕದಲ್ಲೂ ಆ ಸಾಲು ಇದೆ, ಸಣ್ಣ ಅಕ್ಷರದಲ್ಲಿ, ಪಾಠದ ಕೊನೆಯಲ್ಲಿ. ಆ ಮಕ್ಕಳು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ದೊಡ್ಡ ಮೇಡಂ ಹೊರಟುಹೋದರು. ಹೋಗುವಾಗ ಬಗ್ಗಿ, ಮೂಲೆಯಲ್ಲಿ ಬಿದ್ದಿದ್ದ ಒಂದು ಮೋಟು ಪೆನ್ಸಿಲ್ ಎತ್ತಿ ಜೇಬಿಗೆ ಹಾಕಿಕೊಂಡರು. ನೀನು ನೋಡಲಿಲ್ಲ, ನಾನು ನೋಡಿದೆ. ಅವರು ನಿನ್ನನ್ನು ಉಳಿಸಿಕೊಳ್ಳಬೇಕೆಂದದ್ದು ಅಕ್ಕನ ಮುಖ ನೋಡಿಯಲ್ಲ. ಆ ಹೆಂಗಸು ಯಾರ ಮುಖವನ್ನೂ ನೋಡುವವರಲ್ಲ, ನನ್ನದನ್ನಂತೂ ಅಲ್ಲವೇ ಅಲ್ಲ.

ಗುಬ್ಬಿ, ನೀನು ಚಿಕ್ಕವಳಿದ್ದಾಗ ನಾನು ಏನು ಮಾಡಿದರೂ ನೀನು ಮಾಡುತ್ತಿದ್ದೆ. ನನ್ನ ಚಪ್ಪಲಿಯೊಳಗೆ ಕಾಲಿಟ್ಟು ಮನೆಯೆಲ್ಲ ಓಡಾಡುತ್ತಿದ್ದೆ. ಆ ಅಭ್ಯಾಸ ಎಲ್ಲೋ ಉಳಿದಿರಬೇಕು, ಅದಕ್ಕೇ ಈ ತರಗತಿಯನ್ನೂ ಅಕ್ಕನದು ಎಂದುಕೊಂಡಿದ್ದೀಯ. ಕೊನೆಯ ಬೆಂಚಿನಲ್ಲಿ ಕೂತು ನೋಡಿದವಳು ಹೇಳುತ್ತೇನೆ ಕೇಳು. ನೀನು ಮಾಡಿದ್ದರಲ್ಲಿ ನನ್ನದು ಒಂದು ಚೂರೂ ಇರಲಿಲ್ಲ. ಎಲ್ಲ ನಿನ್ನದೇ. ನನಗೆ ಹೊಟ್ಟೆಯುರಿಯಿತು ಎಂದರೂ ಸುಳ್ಳಲ್ಲ, ಮೊದಲ ದಿನ ಸ್ವಲ್ಪ ಉರಿಯಿತು. ಎರಡನೆಯ ಕಾಗದ ಅಂಟಿಸಿದ ದಿನ ನನ್ನ ಪಕ್ಕದಲ್ಲಿದ್ದ ಎರಡು ಜಡೆಯವಳ ಕೈ ಹಿಡಿದುಕೊಂಡುಬಿಟ್ಟಿದ್ದೆ. ಅವಳು ಗಾಬರಿಯಾಗಿ, ಟೀಚರ್, ಗಂಟಲು ನೋಯ್ತಾ ಇದೆಯಾ, ನೀರು ತರ್ಲಾ, ಎಂದಳು. ನನ್ನ ಕಣ್ಣಲ್ಲಿ ನೀರಿತ್ತಂತೆ. ಅದು ನೋವಿನದಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ಪಾಠ ಅದು, ಮಾಡಿದವಳು ನನ್ನ ತಂಗಿ. ಅಷ್ಟೇ.

ಕಚೇರಿಯಲ್ಲಿ ನಿನ್ನ ಕುರ್ಚಿಯಲ್ಲಿ ಯಾರು ಕೂತರೂ ಆ ಲೆಕ್ಕ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಸೋಮವಾರ ದೊಡ್ಡ ಮೇಡಂ ಕೋಣೆಗೆ ಹೋಗಿ ಹೂಂ ಎನ್ನು. ನನಗಾಗಿ ಅಲ್ಲ, ಆ ಮುಂದಿನ ಸಾಲಿನವನಿಗಾಗಿ. ಅವನು ಇನ್ನು ಏನೇನು ಹೆರೆಯುತ್ತಾನೋ, ಯಾರಾದರೂ ನೋಡಿಕೊಳ್ಳಬೇಕಲ್ಲ.

ಪೆಟ್ಟಿಗೆಯ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಜೋಡಿಸಿ ಊಟಕ್ಕೆ ಇಳಿದು ಬಾ. ನಿಮ್ಮ ಭಾವ ಇವತ್ತು ಅಡುಗೆ ಮಾಡಿದ್ದಾರೆ, ಉಪ್ಪು ಕೇಳಬೇಡ, ನೀನೇ ಹಾಕಿಕೋ.

ನಿನ್ನ ಮೇಲೆ ಬೆಟ್ಟದಷ್ಟು ಹೆಮ್ಮೆಯಿರುವ,
ಅಕ್ಕ

ಹಿಂಬದಿ:

ತೀರ್ಮಾನ ಆಯಿತೇ? ಆಗದಿದ್ದರೆ ಮತ್ತೆ ಮುಂದಿನ ಬದಿಗೆ ಹೋಗು.

ಗಂಟಲಿನ ವಿಷಯ. ಮೊನ್ನೆ ಡಾಕ್ಟರ್ ಗಂಟಲಿಗೆ ಕನ್ನಡಿ ಇಳಿಸಿ ನೋಡಿದರು. ಮನೆಯಲ್ಲಿ ಮಾತಾಡುವಷ್ಟು, ನಿಮ್ಮ ಭಾವನನ್ನು ಮೆಲ್ಲಗೆ ಬೈಯುವಷ್ಟು ಧ್ವನಿ ಬರುತ್ತದಂತೆ. ತರಗತಿಗೆ ಸಾಲುವ ಧ್ವನಿ ಇನ್ನು ಬರುವುದಿಲ್ಲ. ಎರಡು ಸಲ ಬರೆದು ಕೇಳಿದೆ, ಎರಡು ಸಲವೂ ಅದೇ ಉತ್ತರ. ಆ ದಿನ ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟು ಅತ್ತೆ. ಈಗ ಪರವಾಗಿಲ್ಲ. ಪೂರ್ತಿ ಪರವಾಗಿಲ್ಲ ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಹಾಗೆ ಬರೆಯುವುದಿಲ್ಲ. ದೊಡ್ಡ ಮೇಡಂ ನನಗೆ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಕೊಡುತ್ತೇನೆಂದಿದ್ದಾರೆ. ಒಪ್ಪಿದ್ದೇನೆ.

ಇದನ್ನು ಓದಿದ ಕೂಡಲೇ ನೀನು ಏನು ಮಾಡುತ್ತೀಯ ಎಂದು ನನಗೆ ಗೊತ್ತು. ಅಕ್ಕನ ಧ್ವನಿ ಹೋಯಿತು, ಅದಕ್ಕೇ ತಂಗಿಗೆ ಕೆಲಸ ಬಂತು ಎಂದು ಗೆರೆ ಎಳೆದುಬಿಡುತ್ತೀಯ. ಜೀವನಪೂರ್ತಿ ಆ ಗೆರೆಯನ್ನು ನೋಡಿಕೊಂಡು ಕೊರಗುತ್ತೀಯ. ನೀನು ನನ್ನ ಬದಲಿಗೆ ಬಂದದ್ದು ನನ್ನ ಗಂಟಲಿನಿಂದಲೇ, ಒಪ್ಪಿದೆ. ಉಳಿಯುವುದಕ್ಕೆ ಕಾರಣ ಬೇರೆ ಇದೆ.

ಎರಡನೆಯ ಕಾಗದ ಅಂಟಿಸಿದ ದಿನ ಸಂಜೆ, ನೀನು ಮಕ್ಕಳೊಂದಿಗೆ ಶಾಯಿಯ ಕಲೆ ಒರೆಸುತ್ತಿದ್ದಾಗ, ನಾನು ಹಲಗೆ ಹಿಡಿದುಕೊಂಡು ದೊಡ್ಡ ಮೇಡಂ ಕೋಣೆಗೆ ಹೋಗಿದ್ದೆ. ನಾನು ವಾಪಸ್ ಬಂದ ಮೇಲೂ ಒಂಬತ್ತನೇ ತರಗತಿ ಅವಳಿಗೇ ಇರಲಿ, ನನಗೆ ಕೆಳಗಿನ ತರಗತಿ ಕೊಡಿ, ಎಂದು ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಓದಿ, ನಾನೂ ಅದನ್ನೇ ಯೋಚಿಸ್ತಿದ್ದೆ, ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ, ಎಂದರು. ಡಾಕ್ಟರ್ ಕನ್ನಡಿ ಇಳಿಸಿದ್ದು ಅದರ ಮುಂದಿನ ವಾರ.

ಆ ಸಂಜೆ ನನ್ನ ಧ್ವನಿ ಪೂರ್ತಿ ವಾಪಸ್ ಬರುತ್ತದೆ ಎಂದೇ ನಾನು ನಂಬಿದ್ದೆ, ಗುಬ್ಬಿ. ಆದರೂ ಕೊಟ್ಟೆ.